ಧಾಟಿಯ ಋಣವೂ ಅಚೌರ್ಯವ್ರತವೂ

ಅಚೌರ್ಯವೆಂದರೆ ಪರರ ಧನ, ಧಾನ್ಯ, ವಸ್ತುಗಳನ್ನು ಅಪಹರಿಸದಿರುವುದಷ್ಟೇ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಹಾಡಿನ ಧಾಟಿಗೂ ಈ ವ್ರತವು ಅನ್ವಯಿಸುವುದೇ? ಸ್ವರಗಳು ಯಾರ ಸೊತ್ತೂ ಅಲ್ಲ. ಆದರೆ ಆ ಸ್ವರಗಳನ್ನು ಒಬ್ಬನು ತನ್ನ ಪ್ರತಿಭೆಯಿಂದ ಜೋಡಿಸಿ ಕಟ್ಟಿದ ಧಾಟಿ ಅವನದು. ಈ ಎರಡರ ನಡುವಣ ಗೆರೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಜಾರ್ಜ್ ಹ್ಯಾರಿಸನ್ನರ ‘ಮೈ ಸ್ವೀಟ್ ಲಾರ್ಡ್’ ಗೀತೆಯ ಪ್ರಕರಣವು ತೋರಿಸಿಕೊಡುತ್ತದೆ.

ಬೀಟಲ್ಸ್ ತಂಡದಲ್ಲಿದ್ದ ಹ್ಯಾರಿಸನ್ 1970ರಲ್ಲಿ ಹೊರತಂದ ಈ ಗೀತೆ ಭಕ್ತಿಗೀತೆಯೇ ಆಗಿದೆ. ಕ್ರೈಸ್ತರ ಸ್ತುತಿಪದವನ್ನೂ ಕೃಷ್ಣನಾಮವನ್ನೂ ಒಂದೇ ಮೇಳದಲ್ಲಿ ಕೂಡಿಸಿದ ಭಾವವಾಗಲಿ, ಗಿಟಾರಿನ ಜಾರುಸ್ವರಗಳ ಮಾಧುರ್ಯವಾಗಲಿ ಅವರ ಸ್ವಂತದ್ದು. ಆದರೆ ಧಾಟಿ ಮಾತ್ರ ರಾನಿ ಮ್ಯಾಕ್ ರಚಿಸಿ, ಶಿಫಾನ್ಸ್ ಎಂಬ ಗಾಯಕಿಯರ ತಂಡವು 1963ರಲ್ಲಿ ಜನಪ್ರಿಯಗೊಳಿಸಿದ ‘ಹೀಸ್ ಸೋ ಫೈನ್’ ಎಂಬ ಪ್ರೇಮಗೀತೆಯದೆಂದು ಆ ಗೀತೆಯ ಹಕ್ಕುಳ್ಳ ಸಂಸ್ಥೆಯು 1971ರಲ್ಲಿ ದಾವೆ ಹೂಡಿತು.

1976ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ರಿಚರ್ಡ್ ಓವೆನ್ ಎರಡೂ ಗೀತೆಗಳನ್ನು ಸ್ವರಸ್ವರವಾಗಿ ಪರಿಶೀಲಿಸಿ ತೀರ್ಪಿತ್ತರು. ಭಾರತೀಯ ಸ್ವರಸಂಜ್ಞೆಯಲ್ಲಿ ಹೇಳುವುದಾದರೆ, ಮೊದಲು ‘ಪ-ಗ-ರಿ’ ಎಂಬ ತುಣುಕಿನ ಪುನರಾವೃತ್ತಿ, ಅನಂತರ ‘ಪ-ದ-ಸ-ದ-ಸ’ ಎಂಬುದರ ಪುನರಾವೃತ್ತಿ. ಇವೆಲ್ಲವೂ ಮೋಹನ ರಾಗದಲ್ಲಿ ಬರುವ ಸ್ವರಗಳೇ. ಬಿಡಿಯಾಗಿ ನೋಡಿದರೆ ಈ ತುಣುಕುಗಳಲ್ಲಿ ವಿಶೇಷವೇನೂ ಇಲ್ಲ. ಒಂದರ ಹಿಂದೆ ಒಂದು ಆವರ್ತಿಸುವ ಕ್ರಮವೇ ಅಪೂರ್ವವಾದುದು, ಅದೇ ಕ್ರಮ ಎರಡರಲ್ಲಿಯೂ ಇದೆ. ಹ್ಯಾರಿಸನ್ ಬೇಕೆಂದೇ ಕದ್ದರೆಂದು ನ್ಯಾಯಾಧೀಶರು ಹೇಳಲಿಲ್ಲ. ಹಿಂದೆ ಕೇಳಿದ ಹಾಡು ಸುಪ್ತಮನಸ್ಸಿನಿಂದ ಮೇಲೆದ್ದು ಬಂದಿತ್ತು ಎಂದರು. ಆದರೂ ಅದು ಹಕ್ಕಿನ ಉಲ್ಲಂಘನೆಯೇ ಎಂದು ನಿರ್ಣಯಿಸಿದರು. ಭಕ್ತಿಯ ಉದ್ದೇಶವೂ ಅವರಿಗೆ ರಕ್ಷೆಯಾಗಲಿಲ್ಲ.

ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಪ್ರಮಾದಯೋಗವನ್ನು ಕೂಡಿಸಿ ಅರ್ಥೈಸುತ್ತಾರೆ. ಎಲ್ಲರಿಗೂ ತೆರೆದಿರುವ ಬೀದಿಯ ಬಾಗಿಲನ್ನು ಮುನಿಯು ಪ್ರವೇಶಿಸಿದರೆ ಅದು ಚೌರ್ಯವಲ್ಲ. ರಾಗವು ಅಂಥ ತೆರೆದ ಬೀದಿ. ಧಾಟಿಯು ಒಬ್ಬನು ಕಟ್ಟಿಕೊಂಡ ಮನೆ. ಅರಿಯದೆ ಆ ಮನೆಯೊಳಗೆ ಕಾಲಿಟ್ಟವನದು ಪ್ರಮಾದ. ಅನ್ಯರ ಮನೆಯೆಂದು ತಿಳಿದ ಮೇಲೂ ಅಲ್ಲಿಯೇ ನೆಲಸುವವನದು ಚೌರ್ಯ. ಆದುದರಿಂದ ಪ್ರಭಾವಕ್ಕೂ ಅನುಕರಣೆಗೂ ನಡುವಿನ ಗೆರೆಯು ಸ್ವರಗಳ ಲೆಕ್ಕದಲ್ಲಿ ಮಾತ್ರ ಇರದೆ, ಋಣವನ್ನು ಒಪ್ಪಿಕೊಳ್ಳುವ ಮನಸ್ಸಿನಲ್ಲಿಯೂ ಇದೆ.

ಈ ಪ್ರಶ್ನೆ ಬಸದಿಯ ಬಾಗಿಲಿಗೂ ಬಂದು ನಿಂತಿದೆ. ಚಲನಚಿತ್ರಗೀತೆಯ ಧಾಟಿಗೆ ಜಿನಸ್ತುತಿಯನ್ನು ಹೊಂದಿಸಿ ಹಾಡುವುದು ಹಲವೆಡೆ ರೂಢಿಯಾಗಿದೆ. ಗುಜರಾತಿನ ಪ್ರಾಚೀನ ಜೈನಕವಿಗಳೂ ಲೋಕಗೀತೆಗಳ ಧಾಟಿಯನ್ನು ಬಳಸಿಕೊಂಡವರೇ. ಆದರೆ ಇದು ಇಂಥ ಹಾಡಿನ ‘ದೇಶೀ’ ಎಂದು ತಮ್ಮ ರಚನೆಯ ಮೇಲ್ಗಡೆಯಲ್ಲಿಯೇ ಬರೆದರು. ಹಾಡುವವರ ಅನುಕೂಲಕ್ಕಾಗಿ ಬರೆದ ಆ ಸೂಚನೆ ಋಣಸ್ಮರಣೆಯೂ ಆಯಿತು. ಮೂಲ ಸಂಗೀತಗಾರನ ಹೆಸರನ್ನೇ ಮರೆಸಿ ಹೊರಬರುವ ಭಜನೆಗಳ ಧ್ವನಿಮುದ್ರಣಗಳಲ್ಲಿ ಈ ಪ್ರಾಮಾಣಿಕತೆ ಕಾಣದು. ಬೆರಕೆಯ ಸರಕನ್ನು ಅಸಲಿಯೆಂದು ಮಾರುವ ‘ಪ್ರತಿರೂಪಕ ವ್ಯವಹಾರ’ವು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದು, ಪರರ ಧಾಟಿಯನ್ನು ಸ್ವಂತದ್ದೆಂದು ಮಾರುವುದು ಅದಕ್ಕೆ ದೂರವಾದುದಲ್ಲ.

ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ವಿನಾಯಿತಿಯಿದೆ. ಮುದ್ರಿಸಿ ಮಾರುವುದಕ್ಕೆ ಆ ವಿನಾಯಿತಿ ಸಲ್ಲದು. ಆದರೆ ಶ್ರಾವಕನಿಗೆ ಕಾನೂನಿನ ಅಂಚೇ ಧರ್ಮದ ಅಂಚಲ್ಲ. ಧ್ವನಿಮುದ್ರಣವನ್ನು ಹೊರತರುವ ಬಸದಿಯ ಆಡಳಿತ ಮಂಡಳಿಗಳು ಮೂಲದವರ ಅನುಮತಿ ಪಡೆದು ಅವರ ಹೆಸರನ್ನು ಕಾಣಿಸಲಿ. ಅದಾಗದಿದ್ದಲ್ಲಿ ಊರಿನ ಸಂಗೀತ ಬಲ್ಲವರಿಂದ ಹೊಸ ಧಾಟಿಯನ್ನು ಕಟ್ಟಿಸಲಿ. ವೀತರಾಗನ ಸನ್ನಿಧಿಯಲ್ಲಿ ಅರ್ಪಿಸುವ ಅಷ್ಟದ್ರವ್ಯಗಳು ನ್ಯಾಯಾರ್ಜಿತವಾಗಿರಬೇಕೆಂದು ಬಯಸುವವರು ಅಲ್ಲಿ ಹಾಡುವ ಹಾಡೂ ಹಾಗೆಯೇ ಇರಬೇಕೆಂದು ಬಯಸುವುದು ಉಚಿತ.