ಜಪಾನೀ ರಂಗಭೂಮಿಯಲ್ಲಿ ಷೇಕ್ಸ್‌ಪಿಯರ್ ಮಹಾಕವಿ

ಒಂದು ದೇಶದ ನಾಟಕವನ್ನು ಇನ್ನೊಂದು ದೇಶದ ರಂಗಕ್ಕೆ ತರುವುದು ಗ್ರಂಥವನ್ನು ಭಾಷಾಂತರಿಸಿದಷ್ಟು ಸುಲಭವಲ್ಲ. ಓದುಗನು ತನಗೆ ಅರ್ಥವಾಗದ ಎಡೆಯಲ್ಲಿ ನಿಂತು ಯೋಚಿಸಬಹುದು. ಪ್ರೇಕ್ಷಕನಿಗೆ ಆ ಅವಕಾಶವಿಲ್ಲ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧವಾಗಿ ವಿಭಾಗಿಸಿರುವನಷ್ಟೆ. ಪರದೇಶದ ನಾಟಕವು ಬರುವಾಗ ಇವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಮಾರ್ಪಡಬೇಕು ಎಂಬುದೇ ಮುಖ್ಯವಾದ ಪ್ರಶ್ನೆ. ಜಪಾನೀಯರು ಷೇಕ್ಸ್‌ಪಿಯರನ ನಾಟಕಗಳ ವಿಷಯದಲ್ಲಿ ಈ ಪ್ರಶ್ನೆಗೆ ಬೇರೆಬೇರೆ ಕಾಲಗಳಲ್ಲಿ ಬೇರೆಬೇರೆ ಉತ್ತರಗಳನ್ನಿತ್ತಿರುವರು. ಅವುಗಳನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಉತ್ತರವು ವೇಷಾಂತರ. 1885ರಲ್ಲಿ ಓಸಾಕಾ ನಗರದಲ್ಲಿ ‘ವೆನಿಸಿನ ವರ್ತಕ’ವು ಕಬುಕಿ ನಾಟಕವಾಗಿ ಪ್ರದರ್ಶಿತವಾಯಿತು. ‘ಚೆರಿ ಹೂವಿನ ಕಾಲ, ಹಣದ ಲೋಕ’ ಎಂಬರ್ಥದ ಹೆಸರು ಅದಕ್ಕೆ. ಯೆಹೂದ್ಯರಿಗೂ ಕ್ರೈಸ್ತರಿಗೂ ಇದ್ದ ವೈಷಮ್ಯವು ಅಲ್ಲಿನವರಿಗೆ ಅಪರಿಚಿತವಾದುದರಿಂದ ಶೈಲಾಕನು ಬರಿಯ ಲೋಭಿಯಾದ ಬಡ್ಡಿ ಸಾಹುಕಾರನಾಗಿ ನಿಂತನು. ಅನಂತರ 1903ರಲ್ಲಿ ಕವಾಕಾಮಿ ಒಟೋಜಿರೋ ಎಂಬ ನಟನು ‘ಒಥೆಲೊ’ವನ್ನು ಆಡಿಸಿದನು. ನಮ್ಮ ಬಸವಪ್ಪಶಾಸ್ತ್ರಿಗಳು ಇದೇ ನಾಟಕವನ್ನು ‘ಶೂರಸೇನ ಚರಿತ್ರೆ’ಯನ್ನಾಗಿ ಮಾಡಿದಂತೆಯೇ, ಅವನೂ ಪಾತ್ರಗಳ ಹೆಸರುಗಳನ್ನು ಸ್ವದೇಶೀಯವಾಗಿ ಮಾಡಿದನು. ಸೈಪ್ರಸ್ ದ್ವೀಪದ ಬದಲಿಗೆ, 1895ರಲ್ಲಿ ಜಪಾನಿನ ವಶವಾಗಿದ್ದ ತೈವಾನ್ ಪ್ರದೇಶವು ಬಂದಿತು. ಅದೇ ವರ್ಷ ಅವನ ಮಂಡಲಿಯವರು ಆಡಿದ ‘ಹ್ಯಾಮ್ಲೆಟ್’ನಲ್ಲಿ ರಾಜಕುಮಾರನು ಬೈಸಿಕಲ್ಲನ್ನೇರಿ ಬಂದನು, ಬದುಕುವುದು ಲೇಸೋ ಸಾಯುವುದು ಲೇಸೋ ಎಂದು ತೂಗಿನೋಡುವ ಆ ಲೋಕಪ್ರಸಿದ್ಧವಾದ ಸ್ವಗತವು ಮಾತ್ರ ಬರಲೇ ಇಲ್ಲ! ಕಥೆ ಬಂದಿತು, ಕವಿ ಬರಲಿಲ್ಲ. ಇತಿವೃತ್ತವು ನಾಟ್ಯದ ಶರೀರವೆಂಬುದು ನಿಜ. ಆದರೆ ಶರೀರವೊಂದನ್ನೇ ಹೊತ್ತು ತಂದವರು ಏನನ್ನು ತಂದಂತಾಯಿತು?

ಎರಡನೆಯ ಉತ್ತರವು ನಿಷ್ಠೆ. ಪಂಡಿತ ತ್ಸುಬೊಉಚಿ ಶೋಯೋ (1859–1935) ಇದರ ಪ್ರವರ್ತಕರು. ಷೇಕ್ಸ್‌ಪಿಯರನ ಸಮಗ್ರ ನಾಟಕಗಳನ್ನು 1928ರ ಹೊತ್ತಿಗೆ ಏಕಾಕಿಯಾಗಿ ಭಾಷಾಂತರಿಸಿ ಮುಗಿಸಿದ ಮಹನೀಯರಿವರು. ಇವರ ‘ಹ್ಯಾಮ್ಲೆಟ್’ 1911ರಲ್ಲಿ ಟೋಕಿಯೋದ ಇಂಪೀರಿಯಲ್ ನಾಟಕಶಾಲೆಯಲ್ಲಿ ಪ್ರಯೋಗವಾಯಿತು. ಹೆಸರು, ಮಾತು, ಸ್ವಗತ ಯಾವುದಕ್ಕೂ ಲೋಪ ಬರಲಿಲ್ಲ. ಆದರೂ ಅದನ್ನು ನೋಡಿದ ಕಾದಂಬರಿಕಾರ ನತ್ಸುಮೆ ಸೋಸೆಕಿಯು ತೃಪ್ತನಾಗಲಿಲ್ಲ. ಇವನು ಲಂಡನ್ನಿನಲ್ಲಿದ್ದು ಆಂಗ್ಲ ಸಾಹಿತ್ಯವನ್ನು ವ್ಯಾಸಂಗಮಾಡಿ ಬಂದವನು. ಪಂಡಿತರು ಕವಿಗೆ ಅತಿಯಾಗಿ ನಿಷ್ಠರಾದುದರಿಂದಲೇ ಜಪಾನೀ ಪ್ರೇಕ್ಷಕರಿಗೆ ದೂರವಾದರೆಂದೂ, ಕವಿ ಪ್ರೇಕ್ಷಕ ಇಬ್ಬರನ್ನೂ ಏಕಕಾಲದಲ್ಲಿ ಮೆಚ್ಚಿಸುವುದು ಅಸಾಧ್ಯವೆಂದೂ ಅವನು ಪತ್ರಿಕೆಯಲ್ಲಿ ಬರೆದನು. ಈ ಆಕ್ಷೇಪಣೆಯು ಲಘುವಾದುದಲ್ಲ. ಷೇಕ್ಸ್‌ಪಿಯರನ ವಾಚಿಕವು ಛಂದೋಬದ್ಧವಾದುದು. ಅದರ ಅರ್ಥವನ್ನು ತರಬಹುದು, ನಾದವನ್ನು ತರಲಾಗದು. ನಾದವಳಿದ ದೀರ್ಘಭಾಷಣವು ರಂಗದ ಮೇಲೆ ಉಪನ್ಯಾಸವಾಗುವುದು.

ಹಾಗಾದರೆ ಈ ಉಭಯಸಂಕಟಕ್ಕೆ ಪರಿಹಾರವಿಲ್ಲವೆ? ಉಂಟೆಂದು ತೋರಿಸಿದವನು ನಿನಾಗಾವಾ ಯುಕಿಯೋ (1935–2016). ಇವನ ‘ಮ್ಯಾಕ್‌ಬೆತ್’ 1980ರಲ್ಲಿ ಟೋಕಿಯೋದ ನಿಸ್ಸೇ ನಾಟಕಶಾಲೆಯಲ್ಲಿ ಮೊದಲು ಪ್ರದರ್ಶಿತವಾಯಿತು. ಇದರಲ್ಲಿ ಹೆಸರುಗಳು ಮೂಲದವೇ. ಮಾತುಗಳು ಒದಾಶಿಮಾ ಯೂಶಿಯ ಭಾಷಾಂತರದವು. ಮಾರ್ಪಟ್ಟುದು ಆಹಾರ್ಯ. ರಂಗವನ್ನೆಲ್ಲ ಆವರಿಸಿದ ಒಂದು ಬೃಹತ್ತಾದ ‘ಬುತ್ಸುದಾನ್’ ಅಲ್ಲಿ ಕಾಣುವುದು. ಬುತ್ಸುದಾನ್ ಎಂದರೆ ಜಪಾನೀಯರು ಮನೆಯಲ್ಲಿ ಬುದ್ಧನನ್ನೂ ಗತಿಸಿದ ಹಿರಿಯರನ್ನೂ ಪೂಜಿಸುವ ಮಂಟಪ. ಇಬ್ಬರು ಮುದುಕಿಯರು ಬಂದು ಅದರ ಬಾಗಿಲುಗಳನ್ನು ತೆರೆಯುವರು. ಅದರೊಳಗೆ ಹದಿನಾರನೆಯ ಶತಮಾನದ ಯೋಧರ ವೇಷದಲ್ಲಿ ಕಥೆ ನಡೆಯುವುದು. ಮುದುಕಿಯರು ಇಕ್ಕೆಲದಲ್ಲಿ ಕುಳಿತು ಕಡೆಯವರೆಗೂ ನೋಡುವರು, ಉಣ್ಣುವರು, ಅಳುವರು. ಪರದೇಶದ ದ್ರೋಹಿಯೊಬ್ಬನ ಕಥೆಯು ಹೀಗೆ ಪ್ರೇಕ್ಷಕನ ಮನೆಯ ಹಿರಿಯರ ಕಥೆಯಾಗುವುದು. ಚಲಿಸುವ ಬರ್ನಂ ವನವು ಅಲ್ಲಿ ಹೂಬಿಟ್ಟ ಚೆರಿ ಮರಗಳ ವನ. ಚೆರಿ ಹೂವು ಜಪಾನೀಯರಿಗೆ ಕ್ಷಣಭಂಗುರತೆಯ ಸಂಕೇತ. ರಾಜ್ಯಲೋಭದ ನಿಸ್ಸಾರತೆಯನ್ನು ಕವಿಯು ನುಡಿಯಲ್ಲಿ ಹೇಳಿದುದನ್ನು ಉದುರುವ ಪಕಳೆಗಳು ಅಲ್ಲಿ ಹೇಳುವುವು. ಇದು ಅಲಂಕಾರವಲ್ಲ, ಉದ್ದೀಪನವಿಭಾವ. ವಾಚಿಕವು ಹೊರಲಾರದ ಭಾರವನ್ನು ಆಹಾರ್ಯವು ಹೊತ್ತಿತು.

ಪಾಠ ಹೇಳುತ್ತಿದ್ದ ದಿನಗಳಲ್ಲಿ ಆಹಾರ್ಯವು ನಾಲ್ಕರಲ್ಲಿ ಕನಿಷ್ಠವೆಂದು ನಾನು ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ಈ ನಾಟಕದ ವಿಚಾರವು ಆ ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಿದೆ.

ಆದರೂ ದೋಷವಿಲ್ಲವೆಂದಲ್ಲ. ಈ ಪ್ರಯೋಗದಲ್ಲಿ ಪಾಶ್ಚಾತ್ಯರ ಶೋಕಸಂಗೀತವನ್ನು ಧಾರಾಳವಾಗಿ ಬಳಸಿರುವುದು ನನಗೆ ಸಮ್ಮತವಲ್ಲ. ಹೂವು ತಾನೇ ಮೌನವಾಗಿ ಹೇಳುವುದನ್ನು ಪಿಟೀಲು ಮತ್ತೊಮ್ಮೆ ಹೇಳಬೇಕಾಗಿಲ್ಲ, ಅದು ಪುನರುಕ್ತಿ. ಇದಲ್ಲದೆ, 1985ರಲ್ಲಿ ಎಡಿನ್‌ಬರೋದಲ್ಲಿಯೂ 1987ರಲ್ಲಿ ಲಂಡನ್ನಿನಲ್ಲಿಯೂ ಇದು ಕೀರ್ತಿಯನ್ನು ಗಳಿಸಿತೆಂಬುದನ್ನೇ ಮುಂದಿಟ್ಟು ಹೊಗಳುವವರಿರುವರು. ಭಾಷೆಯರಿಯದವನು ಮೆಚ್ಚುವುದು ಕಣ್ಣಿಗೆ ಬಿದ್ದ ಚೆಲುವನ್ನು. ಬುತ್ಸುದಾನಿನ ಮುಂದೆ ನಿತ್ಯವೂ ಕೈಮುಗಿಯುವವನ ಎದೆ ನಡುಗಿತೆ ಎಂಬುದೇ ನಿಜವಾದ ಪರೀಕ್ಷೆ. ಆ ಪರೀಕ್ಷೆಗೆಂದೇ ಇದು ರಚಿತವಾದುದು, ಪರದೇಶದ ಕೀರ್ತಿಗಾಗಿ ಅಲ್ಲ.

ಇದೇ ನಿನಾಗಾವನು 2005ರಲ್ಲಿ ‘ಹನ್ನೆರಡನೆಯ ರಾತ್ರಿ’ಯನ್ನು ಕಬುಕಿಯವರಿಂದ ಆಡಿಸಿದನು. ಅವಳಿಗಳಾದ ಅಣ್ಣ ತಂಗಿಯರ ಪಾತ್ರಗಳೆರಡನ್ನೂ ಒನೊಯೆ ಕಿಕುನೊಸುಕೆ ಒಬ್ಬನೇ ಧರಿಸಿದನು. ಷೇಕ್ಸ್‌ಪಿಯರನ ಕಾಲದಲ್ಲಿ ಹುಡುಗರೇ ಸ್ತ್ರೀಪಾತ್ರ ಧರಿಸುತ್ತಿದ್ದರು. ಗಂಡಸೇ ಸ್ತ್ರೀಯಾಗಿ, ಆ ಸ್ತ್ರೀಯು ಗಂಡುವೇಷ ತೊಡುವ ಚಮತ್ಕಾರವು ಇಂಗ್ಲೆಂಡಿನ ರಂಗದಲ್ಲಿ ನಟಿಯರು ಬಂದಮೇಲೆ ಮರೆಯಾಯಿತು. ಸ್ತ್ರೀಪಾತ್ರವನ್ನು ಗಂಡಸರೇ ವಹಿಸುವ ಪದ್ಧತಿಯುಳ್ಳ ಕಬುಕಿಯು ಕವಿಯ ಮರೆತುಹೋದ ಸೊತ್ತನ್ನು ಅವನಿಗೆ ಹಿಂದಿರುಗಿಸಿತು.

ಸಾರಾಂಶವಿಷ್ಟೆ. ಹೆಸರು ಬದಲಾಯಿಸಿದ ಮಾತ್ರದಿಂದ ಪರದೇಶದ ನಾಟಕವು ನಮ್ಮದಾಗದು. ಪದಕ್ಕೆ ಪದವನ್ನಿಟ್ಟುದರಿಂದ ಅದು ಕವಿಯದಾಗಿ ಉಳಿಯದು. ನಾದವನ್ನು ಕಳೆದುಕೊಂಡ ಎಡೆಯಲ್ಲಿ ತನ್ನ ರಂಗದ ಸಂಪ್ರದಾಯದಿಂದ ಅದಕ್ಕೆ ಸಮಾನವಾದ ಬೇರೊಂದನ್ನು ಕೊಡಬಲ್ಲವನೇ ನಿಜವಾದ ರೂಪಾಂತರಕಾರನು. ಅದಕ್ಕೆ ಪರಕವಿಯಲ್ಲಿ ಗೌರವವಿದ್ದಷ್ಟೇ ಸ್ವಸಂಪ್ರದಾಯದಲ್ಲಿ ಪರಿಶ್ರಮವೂ ಇರಬೇಕು. ಇದರ ಯುಕ್ತಾಯುಕ್ತತೆಯನ್ನು ಸಹೃದಯರು ವಿಚಾರಿಸಿ ನೋಡಲಿ.